ಹೋಮ್‌ವರ್ಕ್ ಮತ್ತು ಅಂತರಜಾಲದ ಅಪರಿಚಿತರು: ಸುಳಿವು ಸಿದ್ಧ ಉತ್ತರವಾದ ಬಗೆ

ಹೋಮ್‌ವರ್ಕ್‌ನ ಪ್ರಶ್ನೆಗಳಿಗೆ ಮಕ್ಕಳು ಅಂತರಜಾಲದಲ್ಲಿ ಅಪರಿಚಿತರಿಂದ ಉತ್ತರ ಪಡೆಯಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಬೇಗನೆ ಎರಡು ಪಕ್ಷವಾಗುತ್ತದೆ. ಒಂದು ಪಕ್ಷಕ್ಕೆ ಅದು ನೇರ ಮೋಸ. ಇನ್ನೊಂದಕ್ಕೆ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಸಿಕ್ಕ ಆಸರೆ. ಎರಡೂ ಪಕ್ಷಗಳು ಉತ್ತರಿಸುವವರು ಯಾರು ಎಂಬುದರ ಮೇಲೆಯೇ ಕಣ್ಣಿಟ್ಟಿರುತ್ತವೆ. ಆದರೆ ಕಳೆದ ಮೂರು ದಶಕಗಳಲ್ಲಿ ಉತ್ತರಿಸುವವರಿಗಿಂತ ಹೆಚ್ಚಾಗಿ ಬದಲಾದದ್ದು ಮಗುವಿನ ಕೈ ಸೇರುವ ಸಹಾಯದ ಸ್ವರೂಪ. ಮೊದಲಿಗೆ ಸುಳಿವಾಗಿದ್ದ ಅದು ಹಂತ ಹಂತವಾಗಿ ಸಿದ್ಧ ಉತ್ತರವಾಯಿತು, ಮತ್ತು ಇದರಲ್ಲಿ ಮಕ್ಕಳ ಸೋಮಾರಿತನಕ್ಕಿಂತ ಜಾಲತಾಣಗಳ ಲೆಕ್ಕಾಚಾರದ ಪಾಲು ದೊಡ್ಡದು.

ಈ ವ್ಯತ್ಯಾಸವನ್ನು ಅಂತರಜಾಲ ಮನೆಮಾತಾಗುವುದಕ್ಕೆ ಬಹಳ ಮೊದಲೇ ಗುರುತಿಸಲಾಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಶ್ಯಾರನ್ ನೆಲ್ಸನ್-ಲೆ ಗಾಲ್ 1981ರಲ್ಲಿ ಮಕ್ಕಳು ಸಹಾಯ ಕೇಳುವ ರೀತಿಯನ್ನು ಎರಡಾಗಿ ವಿಂಗಡಿಸಿದರು. ಮುಂದಿನ ಹೆಜ್ಜೆಯನ್ನು ತಾನೇ ಇಡಲು ಬೇಕಾಗುವಷ್ಟನ್ನು ಮಾತ್ರ ಕೇಳುವುದು ಒಂದು ರೀತಿ. ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಂಡು ಮುಗಿಸಲು ಕೇಳುವುದು ಇನ್ನೊಂದು. ಸಹಾಯ ಕೇಳುವುದೆಂದರೆ ಪರಾವಲಂಬನೆ ಎಂಬ ಅಂದಿನ ಎಣಿಕೆಯನ್ನು ಈ ವಿಂಗಡಣೆ ಸಡಿಲಿಸಿತು, ಏಕೆಂದರೆ ಮೊದಲ ರೀತಿಯಲ್ಲಿ ಕೇಳಬಲ್ಲ ಮಗುವಿಗೆ ತಾನು ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂಬ ಅರಿವಿರುತ್ತದೆ, ಮತ್ತು ಆ ಅರಿವೇ ಕಲಿಕೆಯ ಒಂದು ಭಾಗ.

ಅಂತರಜಾಲದ ಆರಂಭದ ವ್ಯವಸ್ಥೆಗಳು ಮೊದಲ ರೀತಿಯ ಸಹಾಯವನ್ನೇ ಗುರಿಯಾಗಿಟ್ಟುಕೊಂಡಿದ್ದವು. 1994ರಲ್ಲಿ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ‘ಆಸ್ಕ್ ಡಾಕ್ಟರ್ ಮ್ಯಾಥ್’ ಎಂಬ ಸೇವೆ ಶುರುವಾಯಿತು. ಶಾಲಾ ಮಕ್ಕಳು ಗಣಿತದ ಪ್ರಶ್ನೆಯನ್ನು ಇಮೇಲ್ ಮಾಡುತ್ತಿದ್ದರು. ‘ಡಾಕ್ಟರ್’ ಎಂಬ ಬಿರುದಿನ ಹಿಂದೆ ನಿಂತ ಸ್ವಯಂಸೇವಕರು, ಅವರಲ್ಲೂ ಮೊದಮೊದಲು ಕಾಲೇಜು ವಿದ್ಯಾರ್ಥಿಗಳೇ, ಉತ್ತರಿಸುತ್ತಿದ್ದರು. ಮಗುವಿಗೆ ಅವರೆಲ್ಲ ಅಪರಿಚಿತರೇ. ಆದರೂ ಆ ಸೇವೆ ಒಂದು ಸಂಸ್ಥೆಯ ಹೆಸರಿನಲ್ಲಿ ನಡೆಯುತ್ತಿತ್ತು ಮತ್ತು ಉತ್ತರಿಸುವವರಿಗೆ ಅವಸರವಿರಲಿಲ್ಲ. ನೀನು ಎಲ್ಲಿಯವರೆಗೆ ಮಾಡಿದ್ದೀಯ ಎಂದು ಮರುಪ್ರಶ್ನೆ ಹಾಕಿ, ಮಗುವಿನ ಜವಾಬು ಬಂದ ಮೇಲೆ ಮಾತು ಮುಂದುವರಿಸುವುದಕ್ಕೆ ಇಮೇಲ್‌ನ ನಿಧಾನಗತಿ ಹೇಳಿಮಾಡಿಸಿದಂತಿತ್ತು.

ಇದೇ ಕಾಲದ ಯೂಸ್‌ನೆಟ್ ಚರ್ಚಾಗುಂಪುಗಳಲ್ಲಿ ಗಾಳಿ ಬೇರೆಯಾಗಿತ್ತು. ಅಲ್ಲಿ ಪ್ರೋಗ್ರಾಮಿಂಗ್ ಬಲ್ಲವರು ಹೋಮ್‌ವರ್ಕ್ ಪ್ರಶ್ನೆಯನ್ನು ದೂರದಿಂದಲೇ ಗುರುತಿಸಿ ಗದರುತ್ತಿದ್ದರು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ವಿದ್ಯಾರ್ಥಿ ಎಂದೂ ಬರೆಯಲಾರದಂಥ ಗೋಜಲು ಪ್ರೋಗ್ರಾಮನ್ನು ಬೇಕೆಂದೇ ಕೊಡುತ್ತಿದ್ದರು. ಅದನ್ನು ಹಾಗೆಯೇ ಒಪ್ಪಿಸಿದವನು ಮೇಷ್ಟರ ಮುಂದೆ ಸಿಕ್ಕಿಬೀಳಲಿ ಎಂಬುದು ಅವರ ಲೆಕ್ಕ. ಈ ಕುಹಕ ಪ್ರಾಮಾಣಿಕವಾಗಿ ಕೇಳಿದವರನ್ನೂ ಹೆದರಿಸಿ ಓಡಿಸಿರಬಹುದು, ನಿಜ. ಆದರೂ ಉತ್ತರವನ್ನು ಹಾಗೇ ದಾಟಿಸುವುದು ಸಹಾಯವಲ್ಲ ಎಂಬ ನಿಲುವು ಅದರಲ್ಲಿ ಸ್ಪಷ್ಟವಾಗಿತ್ತು. ವಿಕಿಪೀಡಿಯದ ಪ್ರಶ್ನೋತ್ತರ ವಿಭಾಗವೂ ಇದೇ ನಿಲುವನ್ನು ಸೌಮ್ಯವಾಗಿ ಬರೆದಿಟ್ಟಿತು: ನಿಮ್ಮ ಹೋಮ್‌ವರ್ಕನ್ನು ನಾವು ಮಾಡಿಕೊಡುವುದಿಲ್ಲ, ಸಿಕ್ಕಿಕೊಂಡ ಜಾಗದಿಂದ ಮುಂದೆ ಹೋಗಲು ನೆರವಾಗುತ್ತೇವೆ.

ತಿರುವು ಬಂದದ್ದು ಅಂಕಗಳ ಆಟದೊಂದಿಗೆ. 2005ರಲ್ಲಿ ಶುರುವಾದ ಯಾಹೂ ಆನ್ಸರ್ಸ್‌ನಲ್ಲಿ ಹೋಮ್‌ವರ್ಕ್ ಸಹಾಯಕ್ಕೆಂದೇ ಒಂದು ವಿಭಾಗವಿತ್ತು. ಅಲ್ಲಿ ಪ್ರಶ್ನೆ ಕೇಳಿದರೆ 5 ಅಂಕ ಕಳೆಯುತ್ತಿತ್ತು, ಉತ್ತರಿಸಿದರೆ 2 ಅಂಕ ಸಿಗುತ್ತಿತ್ತು, ಅತ್ಯುತ್ತಮ ಉತ್ತರವೆಂದು ಆಯ್ಕೆಯಾದರೆ 10 ಅಂಕ. ಈ ಏರ್ಪಾಟಿನಲ್ಲಿ ಮರುಪ್ರಶ್ನೆ ಹಾಕುವವನಿಗೆ ಲಾಭವಿಲ್ಲ, ಅವನು ಮಗುವಿನ ಜವಾಬಿಗೆ ಕಾಯುವಷ್ಟರಲ್ಲಿ ಇನ್ನೊಬ್ಬ ಪೂರ್ತಿ ಉತ್ತರ ಬರೆದು ಅಂಕ ಗಳಿಸಿರುತ್ತಾನೆ. ಅತ್ಯುತ್ತಮ ಯಾವುದೆಂದು ಆರಿಸುವ ಹಕ್ಕು ಮೊದಲಿಗೆ ಪ್ರಶ್ನೆ ಕೇಳಿದವರದೇ ಆಗಿದ್ದದ್ದು ಇನ್ನೊಂದು ತೊಡಕು, ಏಕೆಂದರೆ ಸರಿ ಯಾವುದೆಂದು ತಿಳಿಯದೆ ಕೇಳಿದ ಮಗುವೇ ಸರಿ ಯಾವುದೆಂದು ತೀರ್ಪು ಕೊಡಬೇಕಾಗಿತ್ತು. ಆ ತಾಣ 2021ರ ಮೇ 4ರಂದು ಮುಚ್ಚಿತು, ಆದರೆ ಅಂಕ ಕೊಟ್ಟು ಉತ್ತರ ಬರೆಸುವ ಪದ್ಧತಿ ಅಷ್ಟರಲ್ಲಿ ಬೇರೆ ಕಡೆ ಬೇರೂರಿತ್ತು. 2009ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ, ಇಂದು ಬ್ರೈನ್ಲಿ ಎಂಬ ಹೆಸರಿನ ತಾಣ ಶಾಲಾ ಮಕ್ಕಳನ್ನೇ ಪರಸ್ಪರ ಉತ್ತರಿಸುವವರನ್ನಾಗಿ ಮಾಡಿತು.

ಅಂಕದ ಬೆನ್ನಿಗೇ ಹಣ ಬಂತು. ಪಠ್ಯಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದ ಅಮೆರಿಕದ ಚೆಗ್ ಕಂಪನಿ 2010ರಲ್ಲಿ ಕ್ರ್ಯಾಮ್‌ಸ್ಟರ್ ಎಂಬ ಹೋಮ್‌ವರ್ಕ್ ತಾಣವನ್ನು ಕೊಂಡುಕೊಂಡಿತು. ಮುಂದೆ ತಿಂಗಳ ಚಂದಾ ಕಟ್ಟಿದವರಿಗೆ ಪ್ರಶ್ನೆಗಳ ಪೂರ್ಣ ಬಿಡಿಸಿಕೆ ಒದಗಿಸುವುದೇ ಅದರ ಮುಖ್ಯ ವ್ಯಾಪಾರವಾಯಿತು. ಉತ್ತರ ಬರೆಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಭಾರತದ ಪದವೀಧರರು, ಒಂದೊಂದು ಉತ್ತರಕ್ಕೆ ಇಷ್ಟು ಎಂದು ಸಂಭಾವನೆ ಪಡೆಯುತ್ತಿದ್ದವರು. ಚಂದಾದಾರರಲ್ಲಿ ಹೆಚ್ಚಿನವರು ಕಾಲೇಜಿನವರಾದರೂ ಅಲ್ಲಿ ಬೆಳೆದ ರೂಢಿ ಶಾಲೆಗೂ ಇಳಿಯಿತು. 2020ರಲ್ಲಿ ತರಗತಿಗಳೂ ಪರೀಕ್ಷೆಗಳೂ ಮನೆಯೊಳಗೆ ಬಂದಾಗ ಇದರ ಪರಿಣಾಮ ಕಣ್ಣಿಗೆ ಬಿತ್ತು. ಥಾಮಸ್ ಲ್ಯಾಂಕಾಸ್ಟರ್ ಮತ್ತು ಕೊಡ್ರಿನ್ ಕೊಟಾರ್ಲನ್ ನಡೆಸಿದ ಅಧ್ಯಯನದ ಪ್ರಕಾರ, ವಿಜ್ಞಾನ-ತಂತ್ರಜ್ಞಾನದ ಐದು ವಿಷಯಗಳಲ್ಲಿ ಚೆಗ್‌ಗೆ ಬಂದ ಪ್ರಶ್ನೆಗಳು 2019ರ ಏಪ್ರಿಲ್‌-ಆಗಸ್ಟ್ ಅವಧಿಗೆ ಹೋಲಿಸಿದರೆ 2020ರ ಅದೇ ತಿಂಗಳುಗಳಲ್ಲಿ ಶೇ 196ರಷ್ಟು ಹೆಚ್ಚಾಗಿದ್ದವು.

ಇಷ್ಟರಲ್ಲಿ ಪ್ರಶ್ನೆಯನ್ನು ಬರೆಯುವ ಶ್ರಮವೂ ತಪ್ಪಿತ್ತು. 2014ರಲ್ಲಿ ಕ್ರೊಯೇಷಿಯಾದಿಂದ ಬಂದ ಫೋಟೋಮ್ಯಾಥ್ ಆ್ಯಪ್‌ನಲ್ಲಿ ಸಮೀಕರಣದ ಮುಂದೆ ಕ್ಯಾಮೆರಾ ಹಿಡಿದರೆ ಸಾಕು. ಇದು ಸಣ್ಣ ಬದಲಾವಣೆಯಲ್ಲ. ತನಗೆ ತಿಳಿಯದ್ದನ್ನು ಅಪರಿಚಿತನಿಗೆ ಅರ್ಥವಾಗುವಂತೆ ವಾಕ್ಯದಲ್ಲಿ ಇಡಲು ಹೊರಟ ಮಗು ಅರ್ಧ ದಾರಿಯಲ್ಲೇ ಉತ್ತರ ಕಂಡುಕೊಳ್ಳುವುದುಂಟು ಎಂಬುದನ್ನು ಪಾಠ ಹೇಳಿದವರೆಲ್ಲ ಬಲ್ಲರು. ಫೋಟೋ ಆ ಅವಕಾಶವನ್ನೇ ಅಳಿಸಿತು. ಚೀನಾದಲ್ಲಿ ಫೋಟೋ ತೆಗೆದು ಉತ್ತರ ಹುಡುಕುವ ಆ್ಯಪ್‌ಗಳು ಎಷ್ಟು ಹಬ್ಬಿದವೆಂದರೆ, ಅವು ಮಕ್ಕಳ ಸ್ವಂತ ಯೋಚನೆಗೆ ಅಡ್ಡಿ ಎಂದು ಅಲ್ಲಿನ ಶಿಕ್ಷಣ ಸಚಿವಾಲಯ 2021ರ ಕೊನೆಯಲ್ಲಿ ಅವುಗಳಿಗೆ ತಡೆ ಹಾಕಿತು.

ಸಿದ್ಧ ಉತ್ತರದಿಂದ ಕಲಿಕೆಗೆ ನಿಜಕ್ಕೂ ಹಾನಿಯಿದೆಯೇ? ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಸಾಕ್ಷ್ಯ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಅಮೆರಿಕದ ಎಂಐಟಿಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ಭೌತಶಾಸ್ತ್ರದ ಆನ್‌ಲೈನ್ ಹೋಮ್‌ವರ್ಕ್‌ಗೆ ಉತ್ತರ ತುಂಬಲು ತೆಗೆದುಕೊಂಡ ಸಮಯವನ್ನು ನೋಡಿ, ಪ್ರಶ್ನೆ ಓದುವುದಕ್ಕೂ ಸಾಲದಷ್ಟು ಬೇಗ ಬಂದ ಸರಿಯುತ್ತರಗಳನ್ನು ನಕಲು ಎಂದು ಗುರುತಿಸಿದರು. ಒಪ್ಪಿಸುವ ಗಡುವು ಹತ್ತಿರ ಬಂದಂತೆ ನಕಲು ಏರುತ್ತಿತ್ತು. ಶೇ 30ಕ್ಕಿಂತ ಹೆಚ್ಚು ಲೆಕ್ಕಗಳನ್ನು ನಕಲು ಮಾಡಿದವರು ಮೊದಲ ದಿನಗಳಲ್ಲಿ ಹೆಚ್ಚೇನೂ ಶ್ರಮಪಡದೆ ಕೊನೆಗೆ ಓಡಿಬರುವವರಾಗಿದ್ದರು, ಮತ್ತು ಬೀಜಗಣಿತದ ರೂಪದಲ್ಲಿ ಉತ್ತರ ಬರೆಯಬೇಕಾದ ಪರೀಕ್ಷಾ ಪ್ರಶ್ನೆಗಳಲ್ಲಿ ನಕಲು ಮಾಡಿದವರ ಸಾಧನೆ ಕುಸಿದಿತ್ತು. ರಟ್ಗರ್ಸ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗ್ಲಾಸ್ ಮತ್ತು ಸಹೋದ್ಯೋಗಿ 2020ರಲ್ಲಿ ಪ್ರಕಟಿಸಿದ ಅಂಕಿಅಂಶ ಇನ್ನೂ ನೇರವಾದದ್ದು: ಹೋಮ್‌ವರ್ಕ್‌ನಲ್ಲಿ ಚೆನ್ನಾಗಿ ಮಾಡಿ ಅದರಿಂದ ಪರೀಕ್ಷೆಯಲ್ಲಿ ಲಾಭ ಕಾಣದ ವಿದ್ಯಾರ್ಥಿಗಳು 2008ರಲ್ಲಿ ಶೇ 14ರಷ್ಟಿದ್ದರೆ, 2017ರ ವೇಳೆಗೆ ಶೇ 55ರಷ್ಟಾಗಿದ್ದರು.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಸಂಶೋಧನೆಯಿದೆ. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ತೋರಿಸಿದಂತೆ, ಬೀಜಗಣಿತಕ್ಕೆ ಹೊಸಬರಾದ ವಿದ್ಯಾರ್ಥಿಗಳು ಲೆಕ್ಕಗಳ ಜೊತೆ ಗುದ್ದಾಡುವುದಕ್ಕಿಂತ, ಮೊದಲು ಬಿಡಿಸಿಟ್ಟ ಲೆಕ್ಕವನ್ನು ಓದಿ ಆಮೇಲೆ ಅಂಥದ್ದೇ ಇನ್ನೊಂದನ್ನು ತಾವೇ ಬಿಡಿಸಿದಾಗ ಹೆಚ್ಚು ಕಲಿಯುತ್ತಾರೆ. ಹಾಗಾದರೆ ಅಪರಿಚಿತನೊಬ್ಬ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟ ಉತ್ತರವೂ ಪಾಠವಾಗಬಲ್ಲದು. ಅದು ಪಾಠವಾಗಬೇಕಾದರೆ ಮಗು ಅದನ್ನು ಓದಿ, ಮುಚ್ಚಿಟ್ಟು, ಇನ್ನೊಂದು ಲೆಕ್ಕ ಮಾಡಬೇಕು; ಗಡುವಿನ ಹಿಂದಿನ ರಾತ್ರಿ ನಡೆಯುವುದು ಅದಲ್ಲ. ನನ್ನ ಮಟ್ಟಿಗೆ ಇಡೀ ವಿವಾದದ ತಿರುಳು ಇಲ್ಲಿದೆ. ಹೋಮ್‌ವರ್ಕ್‌ಗೆ ಅಂಕ ಕೊಟ್ಟು, ದಿನಾಂಕ ಕಟ್ಟಿ, ಸರಿಯುತ್ತರವನ್ನು ಮಾತ್ರ ನೋಡುವ ಶಾಲೆ ತನಗೆ ಗೊತ್ತಿಲ್ಲದೆಯೇ ಸಿದ್ಧ ಉತ್ತರಕ್ಕೆ ಗಿರಾಕಿಯನ್ನು ತಯಾರು ಮಾಡುತ್ತಿರುತ್ತದೆ. ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರ 2006ರ ಸಮೀಕ್ಷೆಯಂತೂ ಹೋಮ್‌ವರ್ಕ್‌ಗೂ ಕಲಿಕೆಯ ಸಾಧನೆಗೂ ಇರುವ ನಂಟು ಮೇಲಿನ ತರಗತಿಗಳಲ್ಲಿ ಕಾಣುವಷ್ಟು ಕೆಳಗಿನ ತರಗತಿಗಳಲ್ಲಿ ಕಾಣುವುದಿಲ್ಲ ಎಂದು ಹೇಳಿತ್ತು.

ಅಪರಿಚಿತರ ಸಂಗದ ಅಪಾಯ ಬೇರೆಯೇ ವಿಷಯ, ಅದನ್ನು ಇದರೊಳಗೆ ಬೆರೆಸಬಾರದು. ಅಮೆರಿಕದ 1998ರ ಮಕ್ಕಳ ಆನ್‌ಲೈನ್ ಖಾಸಗಿತನದ ಕಾಯ್ದೆ 13 ವರ್ಷದೊಳಗಿನವರ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕೆಂದಿತು. ಭಾರತದ 2023ರ ಕಾಯ್ದೆ ಆ ಗೆರೆಯನ್ನು 18ಕ್ಕೆ ಎಳೆದಿದೆ. ಆದರೆ ಹೋಮ್‌ವರ್ಕ್ ಪುಟದ ಫೋಟೋದಲ್ಲಿ ಮಗುವಿನ ಹೆಸರು, ತರಗತಿ, ಶಾಲೆಯ ಮೊಹರು ಎಲ್ಲವೂ ಇರುತ್ತವೆ, ಮತ್ತು ವೈಯಕ್ತಿಕ ಸಂದೇಶದಲ್ಲಿ ಮುಂದುವರಿಸೋಣ ಎನ್ನುವ ಉದಾರಿಯನ್ನು ಯಾವ ಕಾಯ್ದೆಯೂ ಮುಂಚಿತವಾಗಿ ತಡೆಯಲಾರದು. ಎಲ್ಲರಿಗೂ ಕಾಣುವ ಜಾಗದಲ್ಲಿ, ಹೆಸರು ಮುಚ್ಚಿ, ಪ್ರಶ್ನೆಯನ್ನು ಕೈಯಾರೆ ಬರೆದು ಕೇಳುವುದು ಸುರಕ್ಷತೆಗೂ ಒಳ್ಳೆಯದು, ಕಲಿಕೆಗೂ ಒಳ್ಳೆಯದು. ಉತ್ತರ ಮಾರುವವರ ಮೇಲಿನ ಕಾನೂನುಗಳು ಶಾಲಾ ಮಕ್ಕಳ ಹತ್ತಿರ ಬಂದೇ ಇಲ್ಲವೆನ್ನಬಹುದು: ಆಸ್ಟ್ರೇಲಿಯಾದ 2020ರ ಕಾಯ್ದೆ ಉನ್ನತ ಶಿಕ್ಷಣಕ್ಕೆ, ಇಂಗ್ಲೆಂಡಿನ 2022ರ ಕಾಯ್ದೆ 16 ದಾಟಿದವರ ಶಿಕ್ಷಣಕ್ಕೆ ಸೀಮಿತವಾಗಿವೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಪರಿಚಿತ ಮನುಷ್ಯನ ಅಗತ್ಯವೇ ಕಡಿಮೆಯಾಯಿತು. ಅದರಿಂದ ಹೊಸ ಚಂದಾದಾರರ ಸಂಖ್ಯೆಗೆ ಪೆಟ್ಟು ಬೀಳುತ್ತಿದೆ ಎಂದು ಚೆಗ್ ಒಪ್ಪಿಕೊಂಡ ಮರುದಿನ, 2023ರ ಮೇ 2ರಂದು, ಅದರ ಷೇರಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸುಳಿವೋ ಉತ್ತರವೋ ಎಂಬ ಹಳೆಯ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸುವ ಅವಕಾಶ ಸಿಕ್ಕಿದ್ದೂ ಆಗಲೇ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಾಟ್‌ಬಾಟ್ ಪಡೆದವರು ಗಣಿತದ ಅಭ್ಯಾಸದ ಲೆಕ್ಕಗಳಲ್ಲಿ ಶೇ 48ರಷ್ಟು ಉತ್ತಮವಾಗಿ ಮಾಡಿದರು; ಅದನ್ನು ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ, ಅಂಥ ನೆರವೇ ಇಲ್ಲದೆ ಕಲಿತವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಇನ್ನೊಂದು ಚಾಟ್‌ಬಾಟ್ ಬಳಸಿದವರಲ್ಲಿ ಈ ಕುಸಿತ ಬಹುತೇಕ ಕಾಣಲಿಲ್ಲ. ಅವರು ಪರೀಕ್ಷೆಯಲ್ಲಿ ಉಳಿದವರನ್ನು ಹಿಂದಿಕ್ಕಲಿಲ್ಲ ಎಂಬುದನ್ನೂ ಹೇಳಬೇಕು. ಆ ಎರಡನೆಯ ಚಾಟ್‌ಬಾಟ್‌ಗೆ ಪ್ರತಿ ಲೆಕ್ಕದ ಸರಿಯುತ್ತರವನ್ನೂ ಅದರಲ್ಲಿ ಮಕ್ಕಳು ಎಡವುವ ಜಾಗಗಳನ್ನೂ ಮೊದಲೇ ತಿಳಿಸಿಡಲಾಗಿತ್ತು, ಮತ್ತು ಅದಕ್ಕೆ ಶಿಕ್ಷಕರೇ ಕುಳಿತು ಕೆಲಸ ಮಾಡಬೇಕಾಯಿತು.