ಗಿಟ್‌ಲ್ಯಾಬ್ 16.3ರಿಂದ ನೇರವಾಗಿ 18ಕ್ಕೆ ಹೋಗಬಹುದೇ?

ಪ್ರಶ್ನೆ: ನಮ್ಮ ಸಂಸ್ಥೆಯ ಸ್ವಂತ ಸರ್ವರ್‌ನಲ್ಲಿ, ಕೋಡ್ ಉಳಿಸಿಡಲು ಬಳಸುವ ತಂತ್ರಾಂಶವಾದ ಗಿಟ್‌ಲ್ಯಾಬ್ 16.3 ಇದೆ. ಹಾಕಿದಾಗಿನಿಂದ ಯಾರೂ ಅದನ್ನು ಮುಟ್ಟಿಲ್ಲ. ಈಗ ಒಂದೇ ಸಲಕ್ಕೆ 18ರ ಪ್ಯಾಕೇಜ್ ಹಾಕಬಹುದೇ, ಅಥವಾ ನಡುವಿನ ಆವೃತ್ತಿಗಳನ್ನೆಲ್ಲ ಒಂದೊಂದಾಗಿ ಹಾಕುತ್ತಾ ಹೋಗಬೇಕೇ?

ಉತ್ತರ: ಒಂದೇ ಸಲಕ್ಕೆ ಹಾಕುವಂತಿಲ್ಲ. ಹಾಗೆಂದು ನಡುವಿನ ಎಲ್ಲ ಆವೃತ್ತಿಗಳೂ ಬೇಕಿಲ್ಲ. ಗಿಟ್‌ಲ್ಯಾಬ್ ತಿಂಗಳಿಗೊಂದು ಹೊಸ ಆವೃತ್ತಿಯನ್ನು ಹೊರತರುತ್ತದೆ. 2023ರ ನವೆಂಬರ್‌ವರೆಗೆ ಅದು 22ನೆಯ ತಾರೀಖಿಗೆ ಬರುತ್ತಿತ್ತು, ಆ ತಿಂಗಳಿನಿಂದ ಮೂರನೆಯ ಗುರುವಾರ ಬರುತ್ತಿದೆ. ಇವುಗಳಲ್ಲಿ ಕೆಲವು ಮಾತ್ರ ಕಡ್ಡಾಯ ನಿಲುಗಡೆಗಳು. ನಿಮ್ಮ ದಾರಿಯಲ್ಲಿ ಅವು 16.7, 16.11, 17.3, 17.5, 17.8, 17.11 ಮತ್ತು 18.2. 17.5ರಿಂದ ಈಚೆಗೆ ಲೆಕ್ಕ ಸುಲಭವಾಗಿದೆ: ಎರಡನೆಯ ಅಂಕಿ 2, 5, 8 ಅಥವಾ 11 ಆಗಿದ್ದರೆ ಅಲ್ಲಿ ನಿಲ್ಲಲೇಬೇಕು. ದತ್ತಾಂಶ ತೀರಾ ಹೆಚ್ಚಿರುವ ಸರ್ವರ್‌ಗಳಿಗೆ 17.1ರಲ್ಲಿ ಇನ್ನೊಂದು ನಿಲುಗಡೆ ಬೀಳಬಹುದು. ಪ್ರತಿ ನಿಲುಗಡೆಯಲ್ಲೂ ಆ ಸರಣಿಯ ಕೊನೆಯ ತಿದ್ದುಪಡಿಯನ್ನೇ ಹಾಕಬೇಕು. ಅಂದರೆ 16.7 ಎಂದಾಗ 16.7.0 ಅಲ್ಲ, 16.7ರಲ್ಲಿ ಮೂರನೆಯ ಅಂಕಿ ಎಲ್ಲಕ್ಕಿಂತ ದೊಡ್ಡದಿರುವ ಪ್ಯಾಕೇಜ್.

ಈ ನಿಲುಗಡೆಗಳು ಏಕೆ ಬೇಕು ಎಂಬುದನ್ನು ತಿಳಿದುಕೊಂಡರೆ ಅವುಗಳನ್ನು ದಾಟಲು ಯಾರಿಗೂ ಮನಸ್ಸು ಬರುವುದಿಲ್ಲ ಎಂದು ನನ್ನ ನಂಬಿಕೆ. ಒಂದು ನಿಜವಾದ ಬದಲಾವಣೆಯನ್ನೇ ನೋಡೋಣ. ಪೈಪ್‌ಲೈನ್‌ನ, ಅಂದರೆ ಕೋಡನ್ನು ತಾನಾಗಿ ಪರೀಕ್ಷಿಸಿ ಸಿದ್ಧಪಡಿಸುವ ಕೆಲಸಗಳ ಸರಪಳಿಯ, ಜಾಬ್‌ಗಳನ್ನು ದಾಖಲಿಸುವ ಟೇಬಲ್‌ನಲ್ಲಿ ಪ್ರತಿ ಸಾಲಿನ ಗುರುತಿನ ಸಂಖ್ಯೆಗೆ ಮೊದಲು 4 ಬೈಟ್ ಜಾಗವಿತ್ತು. ಅಷ್ಟು ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,147,483,647. ಅದು ಮುಗಿದ ದಿನ ಹೊಸ ಜಾಬ್ ಒಂದೂ ದಾಖಲಾಗುವುದಿಲ್ಲವಾದ್ದರಿಂದ, ಆ ಕಾಲಂ ಅನ್ನು 8 ಬೈಟ್‌ಗೆ ಹಿಗ್ಗಿಸಬೇಕಾಯಿತು. ಕೋಟಿಗಟ್ಟಲೆ ಸಾಲುಗಳಿರುವ ಟೇಬಲ್ಲನ್ನು ಬೀಗ ಹಾಕಿ ಬದಲಿಸಲು ಹೊರಟರೆ ಸರ್ವರ್ ಗಂಟೆಗಟ್ಟಲೆ ನಿಂತುಬಿಡುತ್ತದೆ. ಆದ್ದರಿಂದ ಕೆಲಸವನ್ನು ಹಂತಗಳಾಗಿ ಒಡೆದರು. ಒಂದು ಆವೃತ್ತಿ ಹಳೆಯ ಕಾಲಂ ಪಕ್ಕದಲ್ಲಿ 8 ಬೈಟ್‌ನ ಹೊಸ ಕಾಲಂ ಸೇರಿಸಿ, ಹೊಸದಾಗಿ ಬರುವ ಸಾಲುಗಳು ಎರಡರಲ್ಲೂ ಬರೆಯಲ್ಪಡುವಂತೆ ಮಾಡಿತು. ಹಳೆಯ ಸಾಲುಗಳನ್ನು ಹಿನ್ನೆಲೆಯ ಕೆಲಸವೊಂದು ಕಂತು ಕಂತಾಗಿ ನಕಲು ಮಾಡುತ್ತಾ ಹೋಯಿತು. ಅದು ಪೂರ್ತಿಯಾಯಿತೆಂದು ನಂಬಿ ಮುಂದಿನ ಆವೃತ್ತಿ ಎರಡೂ ಕಾಲಂಗಳನ್ನು ಅದಲುಬದಲು ಮಾಡಿತು, ಹಳೆಯದನ್ನು ಅಳಿಸಿದ್ದು ಅದರ ನಂತರ. ನಕಲು ಅರ್ಧದಲ್ಲಿರುವಾಗಲೇ ಅಳಿಸುವ ಆವೃತ್ತಿ ಬಂದು ಕುಳಿತರೆ ಉಳಿದರ್ಧ ಸಾಲುಗಳ ಗತಿ ಏನು? ಹಾಗಾಗದಿರಲೆಂದೇ ನಿಲುಗಡೆಗಳಿವೆ. ಇದಲ್ಲದೆ, ನಿಲುಗಡೆಯ ಹಿಂದಿನ ಹಳೆಯ ಮೈಗ್ರೇಶನ್ ಕಡತಗಳನ್ನು, ಅಂದರೆ ಡೇಟಾಬೇಸನ್ನು ಹೊಸ ರೂಪಕ್ಕೆ ತರುವ ಸೂಚನೆಗಳನ್ನು, ಮುಂದೊಂದು ದಿನ ಮೂಲ ಕೋಡ್‌ನಿಂದಲೇ ತೆಗೆದುಬಿಡುತ್ತಾರೆ. 16ರ ಡೇಟಾಬೇಸನ್ನು 18ರ ರೂಪಕ್ಕೆ ತರುವ ಎಲ್ಲ ಮೆಟ್ಟಿಲುಗಳೂ 18ರ ಪ್ಯಾಕೇಜ್‌ನಲ್ಲಿ ಇರುವುದಿಲ್ಲ.

ಆದ್ದರಿಂದ ಪ್ಯಾಕೇಜ್ ಹಾಕಿ, ಲಾಗಿನ್ ಪುಟ ತೆರೆದುಕೊಂಡಿತೆಂದರೆ ಆ ನಿಲುಗಡೆ ಮುಗಿಯಿತು ಎಂದು ತಿಳಿಯಬಾರದು. ಅಡ್ಮಿನ್ ವಿಭಾಗದ ಮಾನಿಟರಿಂಗ್ ಅಡಿಯಲ್ಲಿ ಬ್ಯಾಕ್‌ಗ್ರೌಂಡ್ ಮೈಗ್ರೇಶನ್ಸ್ ಎಂಬ ಪುಟವಿದೆ. ಅಲ್ಲಿ ಸರದಿಯಲ್ಲಿರುವ ಕೆಲಸಗಳ ಪಟ್ಟಿ ಖಾಲಿಯಾಗಿ, ವಿಫಲವಾದವುಗಳ ಪಟ್ಟಿಯೂ ಖಾಲಿ ಇರಬೇಕು. ನಾನು ನೋಡಿಕೊಳ್ಳುತ್ತಿದ್ದ ಸಣ್ಣ ಸಂಸ್ಥೆಯೊಂದರ ಸರ್ವರ್‌ನಲ್ಲಿ ಈ ಪುಟವನ್ನು ನೋಡದೆ ಮುಂದಿನ ಪ್ಯಾಕೇಜ್ ಹಾಕಿದ್ದೆ. ಹಿನ್ನೆಲೆಯ ಕೆಲಸವೊಂದು ಮುಗಿದಿರಬೇಕಿತ್ತು, ಇನ್ನೂ ನಡೆಯುತ್ತಿದೆ ಎಂಬ ದೋಷ ಸಂದೇಶದೊಂದಿಗೆ ಅಪ್‌ಗ್ರೇಡ್ ನಡುದಾರಿಯಲ್ಲಿ ನಿಂತಿತು, ಆ ದಿನ ಯಾರಿಗೂ ಕೋಡ್ ಪುಶ್ ಮಾಡಲಾಗಲಿಲ್ಲ. ಅಂದಿನಿಂದ ಒಂದು ರಾತ್ರಿಗೆ ಒಂದೇ ನಿಲುಗಡೆ ಎಂಬ ನಿಯಮ ಇಟ್ಟುಕೊಂಡಿದ್ದೇನೆ. ಚಿಕ್ಕ ಸರ್ವರ್‌ಗಳಲ್ಲಿ ಕೆಲಸ ನಿಮಿಷಗಳಲ್ಲಿ ಮುಗಿಯಬಹುದು, ಆದರೂ ಆ ಪಟ್ಟಿ ಖಾಲಿಯಾದದ್ದನ್ನು ಕಣ್ಣಾರೆ ನೋಡಿಯೇ ಮುಂದೆ ಹೋಗಿ.

ಹೊರಡುವ ಮೊದಲು ಬ್ಯಾಕಪ್ ತೆಗೆಯುವುದು ಎಲ್ಲರಿಗೂ ಗೊತ್ತು. ಆದರೆ ಗಿಟ್‌ಲ್ಯಾಬ್‌ನ ಬ್ಯಾಕಪ್ ಆಜ್ಞೆ ಸೃಷ್ಟಿಸುವ ಕಡತದಲ್ಲಿ ಸಂರಚನೆಯ ಕಡತವೂ ರಹಸ್ಯ ಕೀಲಿಗಳ ಕಡತವೂ ಸೇರಿರುವುದಿಲ್ಲ. ಇದು ಅನೇಕರಿಗೆ ಗೊತ್ತಿಲ್ಲ. ಈ ಎರಡನ್ನೂ ಗಿಟ್‌ಲ್ಯಾಬ್‌ನ ಇಟಿಸಿ ಫೋಲ್ಡರ್‌ನಿಂದ ನೀವೇ ಬೇರೆಯಾಗಿ ನಕಲು ಮಾಡಿ, ಬ್ಯಾಕಪ್ ಇರುವ ಜಾಗದಲ್ಲಲ್ಲದೆ ಇನ್ನೊಂದೆಡೆ ಭದ್ರವಾಗಿ ಇಡಬೇಕು. ಕೀಲಿಗಳ ಕಡತ ಕಳೆದುಹೋದರೆ ಕೋಡ್ ಮರಳಿ ಬಂದರೂ ಗೂಢಲಿಪಿಯಲ್ಲಿ ಉಳಿಸಿಟ್ಟ ಪೈಪ್‌ಲೈನ್ ವೇರಿಯಬಲ್‌ಗಳನ್ನು ಓದಲಾಗುವುದಿಲ್ಲ, ಎರಡು ಹಂತದ ದೃಢೀಕರಣ ಹಾಕಿಕೊಂಡವರು ಒಳಗೆ ಬರಲಾಗುವುದಿಲ್ಲ. ಇನ್ನೊಂದು ಮಾತು: ಬ್ಯಾಕಪ್ ಯಾವ ಆವೃತ್ತಿಯಲ್ಲಿ ತೆಗೆದದ್ದೋ ಅದೇ ಆವೃತ್ತಿಗೆ ಮಾತ್ರ ಮರಳಿಸಬಹುದು. ಹೀಗಾಗಿ ಪ್ರತಿ ನಿಲುಗಡೆಯಲ್ಲೂ ಹೊಸ ಬ್ಯಾಕಪ್ ಬೇಕು.

ಡೇಟಾಬೇಸ್ ಕಡೆಗೂ ಗಮನವಿರಲಿ. ಗಿಟ್‌ಲ್ಯಾಬ್ 17ಕ್ಕೆ ಅದರ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ 14, 18ಕ್ಕೆ ಪೋಸ್ಟ್‌ಗ್ರೆಸ್ 16 ಕನಿಷ್ಠ ಅಗತ್ಯ. ಪ್ಯಾಕೇಜ್‌ನೊಳಗಿನ ಪೋಸ್ಟ್‌ಗ್ರೆಸ್ ಬಳಸುತ್ತಿದ್ದರೆ, ಅದನ್ನು ಏರಿಸುವಾಗ ಡೇಟಾಬೇಸ್‌ನ ಇನ್ನೊಂದು ಪ್ರತಿ ಹಿಡಿಸುವಷ್ಟು ಡಿಸ್ಕ್ ಖಾಲಿ ಇದೆಯೇ ನೋಡಿಕೊಳ್ಳಿ. ಡಾಕರ್‌ನಲ್ಲಿ ನಡೆಸುತ್ತಿದ್ದರೆ ಇಮೇಜ್‌ಗೆ ‘ಲೇಟೆಸ್ಟ್’ ಎಂಬ ಟ್ಯಾಗ್ ಕೊಡಬೇಡಿ, ಪೂರ್ತಿ ಆವೃತ್ತಿ ಸಂಖ್ಯೆಯನ್ನೇ ಬರೆಯಿರಿ.

ಈ ಪಯಣಕ್ಕೆ ಒಂದೆರಡು ವಾರ ಹಿಡಿಯಬಹುದು. ಅಲ್ಲಿಯವರೆಗೆ ಕಾಯಲಾಗದ ಕೆಲಸವೊಂದಿದೆ. ನೀವು 16.3 ಎಂದು ಮಾತ್ರ ಬರೆದಿದ್ದೀರಿ, ಮೂರನೆಯ ಅಂಕಿ ಹೇಳಿಲ್ಲ. 2024ರ ಜನವರಿ 11ರಂದು ಗಿಟ್‌ಲ್ಯಾಬ್ ಅತ್ಯಂತ ಗಂಭೀರವಾದ ದೋಷವೊಂದನ್ನು ಸರಿಪಡಿಸಿತು. 16.1ರಿಂದ ಇದ್ದ ಆ ದೋಷದಿಂದಾಗಿ ಪಾಸ್‌ವರ್ಡ್ ಬದಲಿಸುವ ಮಿಂಚಂಚೆಯನ್ನು ಅಪರಿಚಿತರು ತಮ್ಮ ವಿಳಾಸಕ್ಕೆ ತರಿಸಿಕೊಂಡು ಇನ್ನೊಬ್ಬರ ಖಾತೆಯನ್ನು ಕೈವಶ ಮಾಡಿಕೊಳ್ಳಬಹುದಿತ್ತು. 16.3ರ ಸರಣಿಯಲ್ಲಿ ಅದಕ್ಕೆ ಪರಿಹಾರ ಬಂದದ್ದು 16.3.7ರಲ್ಲಿ. ನಿಮ್ಮದು ಅದಕ್ಕಿಂತ ಹಿಂದಿನದಾಗಿದ್ದರೆ ಬ್ಯಾಕಪ್ ತೆಗೆದು ಇಂದೇ 16.3ರ ಕೊನೆಯ ತಿದ್ದುಪಡಿಯನ್ನು ಹಾಕಿ, ಎಲ್ಲ ಅಡ್ಮಿನ್ ಖಾತೆಗಳಿಗೂ ಎರಡು ಹಂತದ ದೃಢೀಕರಣವನ್ನು ಕಡ್ಡಾಯ ಮಾಡಿ, 16.7ರ ಕಡೆಗೆ ಆಮೇಲೆ ಹೊರಡಿ.