ಲುಂಗಿ ಬಟ್ಟೆಯ ಕೋಟು: ಪ್ರೆಪ್ಪಿ ಉಡುಪು ಸಾಗಿ ಬಂದ ದಾರಿ

ಅಮೆರಿಕದ ಈಶಾನ್ಯ ಭಾಗದಲ್ಲಿ ಯೇಲ್, ಪ್ರಿನ್ಸ್‌ಟನ್‌ನಂಥ ಕಾಲೇಜುಗಳಿಗೆ ಸಿರಿವಂತರ ಮಕ್ಕಳನ್ನು ಅಣಿಗೊಳಿಸುವ ಶಾಲೆಗಳಿಗೆ ಪ್ರೆಪ್ ಸ್ಕೂಲ್ ಎಂದು ಹೆಸರು. ಆಂಡೋವರ್‌ನ ಫಿಲಿಪ್ಸ್ ಅಕಾಡೆಮಿ 1778ರಷ್ಟು ಹಳೆಯದು. ಅಲ್ಲಿನ ಹುಡುಗರು ತೊಟ್ಟಿದ್ದೇ ಪ್ರೆಪ್ಪಿ. ಹೊಸದಾಗಿ ಕಾಣಬಾರದು, ಕಷ್ಟಪಟ್ಟು ತೊಟ್ಟಂತೆಯೂ ಕಾಣಬಾರದು ಎಂಬುದು ಅದರ ಒಳಗುಟ್ಟು.

ಕಾಲರ್ ಒಂದನ್ನೇ ನೋಡಿ. ಇಂಗ್ಲೆಂಡಿನ ಪೋಲೋ ಆಟಗಾರರು ಗಾಳಿಗೆ ಕಾಲರ್ ಹಾರದಂತೆ ಗುಂಡಿ ಹಾಕಿಕೊಂಡಿದ್ದನ್ನು ಕಂಡು ಅಮೆರಿಕದ ಬಟ್ಟೆ ಕಂಪನಿ ಬ್ರೂಕ್ಸ್ ಬ್ರದರ್ಸ್ 1896ರಲ್ಲಿ ಅಂಥದೇ ಶರ್ಟು ತಂದಿತಂತೆ. ಕಾಲರಿನ ತುದಿ ಸುಮಾರು ಮೂರೂಕಾಲು ಇಂಚು, ಒಳಗೆ ಬಕ್ರಂ (ಬಿಗಿಗೊಳಿಸುವ ಗಡಸು ಬಟ್ಟೆ) ಇಲ್ಲ. ಗುಂಡಿಯನ್ನು ತುಸು ಮೇಲೆ ಹೊಲಿದರೆ ಮಿಕ್ಕ ಬಟ್ಟೆ ಬಿಲ್ಲಿನಂತೆ ಉಬ್ಬಿ ನಿಲ್ಲುತ್ತದೆ. ಅಗ್ಗದ ಶರ್ಟುಗಳು ಎಡವುವುದು ಇಲ್ಲಿಯೇ: ಬಕ್ರಂ ಅಂಟಿಸಿ, ತುದಿಯನ್ನು ಮೋಟು ಮಾಡಿದರೆ ಕಾಲರ್ ಹಲಗೆಯಂತೆ ಮಲಗುತ್ತದೆ.

ಬೇಸಿಗೆಗೆ ಬೇಕಾದ ಬಟ್ಟೆ ಮಾತ್ರ ನಮ್ಮ ಪಕ್ಕದ ಮದ್ರಾಸಿನದು. ಆ ಊರಿಗೂ ಯೇಲ್‌ಗೂ ಹಳೆಯ ನಂಟಿದೆ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ ಎಲಿಹು ಯೇಲ್ 1718ರಲ್ಲಿ ಕಳಿಸಿದ ಸರಕನ್ನು ಮಾರಿ ಬಂದ ಹಣದ ಋಣಕ್ಕೇ ಕಾಲೇಜು ಅವನ ಹೆಸರು ಹೊತ್ತಿತು. ನಮ್ಮಲ್ಲಿ ಲುಂಗಿಯಾಗಿ ಸುತ್ತಿಕೊಳ್ಳುವ ಚೌಕುಳಿ ಬಟ್ಟೆ ಅಲ್ಲಿ ಮದ್ರಾಸ್ ಎಂಬ ಹೆಸರಲ್ಲೇ ಕ್ಲಬ್ಬಿನ ಕೋಟಾಯಿತು!

1950ರ ದಶಕದ ಕೊನೆಗೆ ಒಂದು ಪೇಚು ಎದುರಾಯಿತು. ಬಟ್ಟೆಯ ಬಣ್ಣ ಗಟ್ಟಿಯಲ್ಲ, ತಣ್ಣೀರಲ್ಲಿ ಒಂದೊಂದಾಗಿ ಒಗೆಯಬೇಕು. ಅದು ತಿಳಿಯದ ಗಿರಾಕಿಗಳು ಬಿಸಿನೀರಿನ ಮೆಷಿನ್ನಿಗೆ ಹಾಕಿದರು. ಕೆಂಪು ಹಳದಿಗೆ ಇಳಿಯಿತು, ನೀಲಿ ಜೊತೆಗಿದ್ದ ಬನಿಯನ್ನಿಗೂ ಹತ್ತಿತು. ವ್ಯಾಪಾರಿಗಳು ದೂರನ್ನೇ ಜಾಹೀರಾತು ಮಾಡಿದರು: ಬಣ್ಣ ಬಿಡುವುದು ಗ್ಯಾರಂಟಿ! ಒಗೆದಷ್ಟೂ ಚೌಕುಳಿಗಳು ಒಂದರೊಳಗೊಂದು ಕರಗಿ ಹಳೆಯದಾಗುವುದೇ ಅದರ ಬೆಲೆಯಾಯಿತು. (ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮನೆಮದ್ದನ್ನು ನಂಬಬೇಡಿ, ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ.) ಇವತ್ತಿನ ಮದ್ರಾಸ್ ಬಹುಪಾಲು ಗಟ್ಟಿ ಬಣ್ಣದ್ದು. ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ: ನೂಲಿಗೇ ಬಣ್ಣ ಹಾಕಿ ನೇಯ್ದದ್ದಾದರೆ ಎರಡೂ ಬದಿ ಒಂದೇ, ಅಚ್ಚು ಹಾಕಿದ್ದಾದರೆ ಹಿಂದೆ ಮಂಕು.

1960ರ ದಶಕ ಮುಗಿಯುವ ಹೊತ್ತಿಗೆ ಕ್ಯಾಂಪಸ್ಸಿನಲ್ಲಿ ಟೈ ಕೋಟುಗಳು ಮೂಲೆಗೆ ಸರಿದು ಜೀನ್ಸ್ ಬಂತು. ಅದೇ ಹೊತ್ತಿಗೆ, 1967ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಯಹೂದಿ ವಲಸಿಗರ ಮಗ ರಾಲ್ಫ್ ಲಾರೆನ್ ಪೋಲೋ ಹೆಸರಿನ ಟೈ ಮಾರಲು ಹೊರಟ. ಪ್ರೆಪ್ ಸ್ಕೂಲ್ ಕಾಣದವನು ಆ ಬದುಕಿನ ಕನಸನ್ನು ಮಾಲಿನಲ್ಲಿ ಮಾರಿದ. 1980ರ ದಶಕದ ಕೊನೆಗೆ ಬ್ರೂಕ್ಲಿನ್‌ನ ಕಪ್ಪು ಹುಡುಗರು ಅವೇ ಪೋಲೋ ಬಟ್ಟೆಗಳನ್ನು ಅಡಿಯಿಂದ ಮುಡಿಯವರೆಗೆ ತೊಟ್ಟು ಹಿಪ್‌ಹಾಪ್‌ಗೆ ಒಯ್ದರು. ಕಾಲೇಜುಗಳ ಒಳಗೇ ಕಾಪಾಡಿಕೊಂಡವರಿಗಿಂತ ಈ ಹೊರಗಿನವರು ಅದನ್ನು ಹೆಚ್ಚು ಬಾಳಿಸಿದರು ಅನ್ನಬೇಕು.

ಜಪಾನಿನದು ಇನ್ನೂ ವಿಚಿತ್ರ. 1964ರ ಒಲಿಂಪಿಕ್ಸ್‌ಗೆ ಮುನ್ನ ಟೋಕಿಯೋದ ಗಿಂಜಾ ಬೀದಿಯಲ್ಲಿ ಈ ಉಡುಪು ತೊಟ್ಟು ಸುತ್ತುತ್ತಿದ್ದ ಹುಡುಗರನ್ನು ಪೊಲೀಸರು ಹಿಡಿದೊಯ್ದಿದ್ದರು. ಮರುವರ್ಷ ಅಮೆರಿಕದ ಕ್ಯಾಂಪಸ್ಸುಗಳ ಚಿತ್ರಗಳಿದ್ದ ಜಪಾನೀ ಪುಸ್ತಕವೊಂದು ಬಂತು. 2010ರಲ್ಲಿ ಅದೇ ಇಂಗ್ಲಿಷಿಗೆ ಅನುವಾದವಾಯಿತು. ತಮ್ಮ ತಾತಂದಿರು ಪ್ಯಾಂಟನ್ನು ಕಣಕಾಲಿಗಿಂತ ಎಷ್ಟು ಮೇಲಕ್ಕೆ ಮಡಿಸುತ್ತಿದ್ದರೆಂದು ಅಮೆರಿಕನ್ನರು ಅದನ್ನು ನೋಡಿಯೇ ಕಲಿತರು.