ವೇಗವಾಗಿ ಬೆಳೆಯುತ್ತಿರುವ ರಿಮೋಟ್ ಕಂಪನಿಯಲ್ಲಿ ಕೆಲಸ ಹೇಗಿರುತ್ತದೆ?

ಪ್ರಶ್ನೆ: ಕಚೇರಿಯೇ ಇಲ್ಲದ, ಎಲ್ಲರೂ ತಮ್ಮ ತಮ್ಮ ಮನೆಗಳಿಂದ ಕೆಲಸ ಮಾಡುವ ತಂತ್ರಜ್ಞಾನ ಕಂಪನಿಯೊಂದರಿಂದ ನನಗೆ ಆಫರ್ ಬಂದಿದೆ. ಒಂದೇ ವರ್ಷದಲ್ಲಿ ಅವರ ಸಿಬ್ಬಂದಿ ಎರಡು ಪಟ್ಟಾಗಿದೆಯಂತೆ. ಇದುವರೆಗೆ ಕಚೇರಿಯಲ್ಲಷ್ಟೇ ಕೆಲಸ ಮಾಡಿರುವ ನನಗೆ ಅಲ್ಲಿನ ದಿನಚರಿ ಹೇಗಿರುತ್ತದೆ ಎಂಬ ಕಲ್ಪನೆಯಿಲ್ಲ. ಒಂಟಿತನ ಕಾಡುತ್ತದೆಯೇ?

ಉತ್ತರ: ಇಂಥ ಆಫರ್ ಕೈಗೆ ಬಂದಾಗ ಹೆಚ್ಚಿನವರು ಚಿಂತಿಸುವುದು ದೂರದ ಬಗ್ಗೆ. ಸಹೋದ್ಯೋಗಿಗಳ ಮುಖ ಕಾಣದು, ಮಾತಿಗೆ ಜನರಿಲ್ಲ, ನಮ್ಮ ಶ್ರಮ ಮ್ಯಾನೇಜರ್ ಕಣ್ಣಿಗೆ ಬೀಳುವುದಿಲ್ಲ ಎಂಬ ಅಂಜಿಕೆಗಳಿಗೆ ಕಾರಣವಿಲ್ಲದಿಲ್ಲ. ಆದರೂ ದೂರಕ್ಕೆ ಕೆಲವು ತಿಂಗಳಲ್ಲಿ ಒಗ್ಗಿಕೊಳ್ಳಬಹುದು. ಒಗ್ಗಿಕೊಳ್ಳುವಷ್ಟರಲ್ಲಿ ಬದಲಾಗಿಬಿಡುವುದು ಕಂಪನಿಯ ಗಾತ್ರ. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ‘ಮನೆಯಿಂದ’ ಎಂಬುದಕ್ಕಿಂತ ‘ಎರಡು ಪಟ್ಟು’ ಎಂಬುದು.

ಲೆಕ್ಕ ಸರಳವಾಗಿದೆ. ಹತ್ತು ಜನರಿರುವಲ್ಲಿ ಇಬ್ಬಿಬ್ಬರ ನಡುವೆ ಏರ್ಪಡಬಹುದಾದ ಸಂಪರ್ಕಗಳು 45. ಐವತ್ತು ಜನರಾದಾಗ ಅವು 1,225. ಇನ್ನೂರು ಜನರಾದಾಗ 19,900. ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು ಈ ಲೆಕ್ಕವನ್ನೂ, ಹೊಸಬರಿಗೆ ಕಲಿಸಲು ಹಳಬರು ತೆರಬೇಕಾದ ಸಮಯವನ್ನೂ ಗಮನದಲ್ಲಿಟ್ಟುಕೊಂಡೇ. ಅವರು ಅದನ್ನು ಬರೆದದ್ದು ಎಲ್ಲರೂ ಕಚೇರಿಗೆ ಬರುತ್ತಿದ್ದ ಕಾಲದಲ್ಲಿ ಎಂಬುದನ್ನು ನೆನಪಿಡಬೇಕು. ಕಚೇರಿಯಲ್ಲಿ ಪಕ್ಕದ ಮೇಜಿನ ಮಾತು ಕಿವಿಗೆ ಬಿದ್ದು ಅರ್ಧ ವಿಷಯ ತಾನಾಗಿ ತಿಳಿಯುತ್ತದೆ. ರಿಮೋಟ್ ಕಂಪನಿಯಲ್ಲಿ ಯಾರಾದರೂ ಬರೆದು ಹೇಳದ ಹೊರತು ಯಾವುದೂ ತಿಳಿಯುವುದಿಲ್ಲ. ಹೀಗಾಗಿ ಬೆಳವಣಿಗೆಯ ತೊಡಕುಗಳು ಇಲ್ಲಿ ಇಲ್ಲವಾಗುವುದಿಲ್ಲ, ತಡವಾಗಿ ಕಾಣಿಸಿಕೊಳ್ಳುತ್ತವೆ. ಎರಡು ಟೀಮುಗಳು ಒಂದೇ ಸಮಸ್ಯೆಗೆ ಎರಡು ಪರಿಹಾರ ಕಟ್ಟುತ್ತಿವೆ ಎಂಬುದು ಇಬ್ಬರೂ ಕೆಲಸ ಮುಗಿಸಿದ ಮೇಲೆ ಬಯಲಾಗುವುದು ಅಂಥಲ್ಲಿ ಅಪರೂಪವೇನಲ್ಲ.

ಮೈಕ್ರೋಸಾಫ್ಟ್ ತನ್ನ ಸುಮಾರು 61,000 ಅಮೆರಿಕನ್ ಉದ್ಯೋಗಿಗಳ ಸಂವಹನವನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆ ಸೇರಿದ ಮೇಲೆ ಟೀಮುಗಳ ನಡುವಿನ ಸಂಪರ್ಕ ತೆಳುವಾಯಿತು, ಜನ ತಮ್ಮ ಬಳಗದೊಳಗೇ ಉಳಿಯತೊಡಗಿದರು ಎಂಬುದು ಅದರಲ್ಲಿ ಕಂಡುಬಂದಿತು. ಅದು ಹಳೆಯ, ನೆಲೆಯೂರಿದ ಸಂಸ್ಥೆ. ಅಲ್ಲಿನ ಜನ ಮೊದಲೇ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಅರ್ಧದಷ್ಟು ಜನ ಕಳೆದ ವರ್ಷವಷ್ಟೇ ಸೇರಿರುವ ಕಂಪನಿಯಲ್ಲಿ ಆ ಮೊದಲ ಪರಿಚಯವೂ ಇರುವುದಿಲ್ಲ.

ಇದಕ್ಕೆ ರಿಮೋಟ್ ಕಂಪನಿಗಳು ಕಂಡುಕೊಂಡಿರುವ ಮುಖ್ಯ ಮದ್ದು ಬರವಣಿಗೆ, ಮತ್ತು ನಿಮ್ಮ ದಿನದ ಬಹುಪಾಲು ಹೋಗುವುದೂ ಅದಕ್ಕೇ. ಪ್ರೋಗ್ರಾಮರ್ ಆಗಿ ಸೇರಿದರೂ ಕೋಡಿಗಿಂತ ಹೆಚ್ಚು ಗದ್ಯ ಬರೆಯುವ ದಿನಗಳಿರುತ್ತವೆ: ಒಂದು ಬದಲಾವಣೆ ಏಕೆ ಬೇಕು ಎಂಬ ಪ್ರಸ್ತಾವ, ಪುಲ್ ರಿಕ್ವೆಸ್ಟಿನ (ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ) ವಿವರಣೆ, ಟಿಕೆಟಿಗೆ (ದಾಖಲಾದ ದೂರು ಅಥವಾ ಕೆಲಸಕ್ಕೆ) ಉತ್ತರ, ಮೀಟಿಂಗಿಗೆ ಬರಲಾಗದವರಿಗಾಗಿ ಟಿಪ್ಪಣಿ. ಸಾಫ್ಟ್‌ವೇರ್ ಕಟ್ಟುವವರಿಗೆ ಸಾಧನಗಳನ್ನು ಒದಗಿಸುವ ಗಿಟ್‌ಲ್ಯಾಬ್ ಇದನ್ನು ಕೊನೆಯವರೆಗೆ ಕೊಂಡೊಯ್ದ ಸಂಸ್ಥೆ. 2015ರಲ್ಲಿ ಕೈಬೆರಳೆಣಿಕೆಯ ಜನರಿದ್ದ ಆ ಕಂಪನಿ 2021ರ ಅಕ್ಟೋಬರಿನಲ್ಲಿ ಷೇರು ಮಾರುಕಟ್ಟೆ ಪ್ರವೇಶಿಸುವ ಹೊತ್ತಿಗೆ ಸಾವಿರವನ್ನು ದಾಟಿ ಬೆಳೆದಿತ್ತು, ಆಗಲೂ ಅದಕ್ಕೆ ಕೇಂದ್ರ ಕಚೇರಿ ಇರಲಿಲ್ಲ. ರಜೆ ಪಡೆಯುವ ಕ್ರಮದಿಂದ ಹಿಡಿದು ನೇಮಕಾತಿಯವರೆಗೆ ಎಲ್ಲ ನಡಾವಳಿಯನ್ನೂ ಅದು ಎರಡು ಸಾವಿರ ಪುಟಗಳನ್ನು ಮೀರುವ ಹ್ಯಾಂಡ್‌ಬುಕ್ಕಿನಲ್ಲಿ ಬರೆದು, ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರಿಂದ ಅದರ ಮುಖ್ಯ ಡೇಟಾಬೇಸ್ ಅಳಿಸಿಹೋಗಿ ಸುಮಾರು ಆರು ಗಂಟೆಗಳ ಡೇಟಾ ನಷ್ಟವಾದಾಗ, ದುರಸ್ತಿ ಕೆಲಸವನ್ನು ಅದು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿತು. ಕಾರಣಗಳ ವಿಶ್ಲೇಷಣೆಯನ್ನು ಬಳಿಕ ಬಹಿರಂಗವಾಗಿ ಪ್ರಕಟಿಸಿತು. ಎಲ್ಲ ಕಂಪನಿಗಳೂ ಇಷ್ಟು ದೂರ ಹೋಗಬೇಕಿಲ್ಲ, ಹೋಗುವುದೂ ಇಲ್ಲ. ಆದರೆ ಸಂದರ್ಶನದಲ್ಲಿ ‘ನಿಮ್ಮಲ್ಲಿ ಈಚೆಗೆ ತೆಗೆದುಕೊಂಡ ದೊಡ್ಡ ನಿರ್ಧಾರವೊಂದು ಎಲ್ಲಿ ದಾಖಲಾಗಿದೆ?’ ಎಂದು ಕೇಳಿ ನೋಡಿ. ಉತ್ತರಿಸುವವರು ಒಂದು ಡಾಕ್ಯುಮೆಂಟಿನ ಹೆಸರು ಹೇಳುತ್ತಾರೋ, ‘ಅದು ಎಲ್ಲರಿಗೂ ಗೊತ್ತು’ ಎನ್ನುತ್ತಾರೋ ಎಂಬುದರಲ್ಲಿ ಕಂಪನಿಯ ಸ್ವರೂಪ ಸಾಕಷ್ಟು ತಿಳಿಯುತ್ತದೆ. ನನ್ನನ್ನು ಕೇಳಿದರೆ, ಸಂಬಳದ ಅಂಕಿಯ ನಂತರ ಕೇಳಲೇಬೇಕಾದ ಪ್ರಶ್ನೆ ಇದೇ.

ಬರವಣಿಗೆ ದುರ್ಬಲವಾಗಿರುವಲ್ಲಿ ಅದರ ಜಾಗವನ್ನು ಮೀಟಿಂಗುಗಳೂ ಚಾಟ್ ಸಂದೇಶಗಳೂ ತುಂಬುತ್ತವೆ. ಸ್ಲ್ಯಾಕ್‌ನಂಥ ಚಾಟ್ ಆ್ಯಪ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆಯೇ ಹಾಜರಿ ಪುಸ್ತಕವಾಗುತ್ತದೆ, ತಕ್ಷಣ ಉತ್ತರಿಸುವವರೇ ಶ್ರಮಜೀವಿಗಳೆನಿಸಿಕೊಳ್ಳುತ್ತಾರೆ. ಬೇರೆ ಬೇರೆ ಕಾಲವಲಯಗಳಲ್ಲಿ ಹರಡಿರುವ ಟೀಮಿನಲ್ಲಿ ಇದು ಬೇಗ ದುಬಾರಿಯಾಗುತ್ತದೆ, ಏಕೆಂದರೆ ಒಬ್ಬರ ಬೆಳಗು ಇನ್ನೊಬ್ಬರ ರಾತ್ರಿಯಾಗಿರುವಾಗ ಎಲ್ಲರೂ ಒಟ್ಟಿಗೆ ಎಚ್ಚರವಿರುವ ಸಮಯ ಎರಡು ಮೂರು ಗಂಟೆಯಷ್ಟೇ ಉಳಿಯಬಹುದು. ಆ ಗಂಟೆಗಳು ಯಾರ ಅನುಕೂಲಕ್ಕೆ ತಕ್ಕಂತೆ ನಿಗದಿಯಾಗಿವೆ ಎಂದು ವಿಚಾರಿಸಿ. ಸಂಸ್ಥಾಪಕರ ಕಾಲವಲಯದಿಂದ ಬಹು ದೂರವಿರುವವರು ವರ್ಷಗಟ್ಟಲೆ ತಡರಾತ್ರಿಯ ಕರೆಗಳಲ್ಲಿ ಕೂರುವುದನ್ನು ‘ಹೊಂದಿಕೊಳ್ಳುವ ವೇಳೆ’ ಎಂದು ಕರೆಯುವ ರೂಢಿ ಈ ಕ್ಷೇತ್ರದಲ್ಲಿದೆ.

ಸೇರಿದ ಮೊದಲ ತಿಂಗಳುಗಳು ವಿಚಿತ್ರವಾಗಿರುತ್ತವೆ. ಲ್ಯಾಪ್‌ಟಾಪ್ ಮನೆಗೆ ಬರುತ್ತದೆ, ಖಾತೆಗಳು ತೆರೆಯುತ್ತವೆ, ಓದಲು ಒಂದು ರಾಶಿ ಕೊಂಡಿಗಳು ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಪುಟಗಳು ಕಂಪನಿ ಈಗಿನ ಅರ್ಧದಷ್ಟಿದ್ದಾಗ ಬರೆದವು. ಹೊಸಬರಿಗೆ ದಾರಿ ತೋರಿಸಬೇಕಾದವರೇ ನಾಲ್ಕೈದು ತಿಂಗಳ ಹಿಂದೆ ಬಂದವರಾಗಿರಬಹುದು. ಬ್ಲಾಗ್ ಮತ್ತು ಜಾಲತಾಣ ಕಟ್ಟುವ ಸೇವೆಯಾದ ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೋಮ್ಯಾಟಿಕ್‌ನಲ್ಲಿ ಯಾವ ಹುದ್ದೆಗೆ ಸೇರಿದವರೂ ಮೊದಲು ಎರಡು ವಾರ ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿ ಹೆಸರಾದದ್ದು ಈ ಕಾರಣಕ್ಕೆ: ಉತ್ಪನ್ನ ಏನು, ಬಳಸುವವರು ಯಾರು, ಯಾವ ಸಂಗತಿ ಯಾರಿಗೆ ಗೊತ್ತು ಎಂಬುದು ಹಾಗೆ ಬೇಗ ಮನದಟ್ಟಾಗುತ್ತದೆ. ಅಂಥ ವ್ಯವಸ್ಥೆ ಇಲ್ಲದ ಕಡೆ ನೀವೇ ಕೇಳಬೇಕು, ಮತ್ತೆ ಮತ್ತೆ ಕೇಳಬೇಕು, ಅದೂ ಖಾಸಗಿ ಸಂದೇಶಕ್ಕಿಂತ ಎಲ್ಲರೂ ಓದುವ ಚಾನೆಲಿನಲ್ಲಿ. ಅಜ್ಞಾನ ಬಯಲಾಗುತ್ತದೆಂಬ ಸಂಕೋಚ ಸಹಜ, ಆದರೆ ಅದೇ ಗೊಂದಲ ಇನ್ನೂ ಹತ್ತು ಜನರಿಗೆ ಇರುವುದು ಬಹುತೇಕ ಖಂಡಿತ.

ಆಮೇಲಿನದು ಸ್ಥಿರವಾದ ಕೆಲಸವೆಂದು ಭಾವಿಸಬೇಡಿ. ವರ್ಷಕ್ಕೆ ಎರಡು ಪಟ್ಟಾಗುವ ಕಂಪನಿಯಲ್ಲಿ ವರ್ಷದೊಳಗೇ ಮ್ಯಾನೇಜರ್ ಬದಲಾಗಬಹುದು, ಟೀಮು ಎರಡಾಗಿ ಒಡೆಯಬಹುದು, ಒಬ್ಬರೇ ನೋಡಿಕೊಳ್ಳುತ್ತಿದ್ದ ಕೆಲಸವನ್ನು ಮೂವರಿಗೆ ಹಂಚಿ ಕೊಡಬೇಕಾಗಿ ಬರಬಹುದು. ಮೊದಲೇ ಸೇರಿದವರಿಗೆ ಇದು ನೋವಿನ ಸಂಗತಿ. ತಡವಾಗಿ ಬಂದವರಿಗೆ ಇದರಲ್ಲಿ ಅವಕಾಶವೂ ಇದೆ, ಏಕೆಂದರೆ ಹೊಸ ಜವಾಬ್ದಾರಿಗಳು ನೇಮಕಾತಿಗಿಂತ ವೇಗವಾಗಿ ಹುಟ್ಟುತ್ತಿರುತ್ತವೆ. ಮ್ಯಾನೇಜರ್ ಬದಲಾದಾಗ ನಿಮ್ಮ ಹಿಂದಿನ ಕೆಲಸವನ್ನು ಕಣ್ಣಾರೆ ಕಂಡವರು ಯಾರೂ ಉಳಿಯದಿರಬಹುದು. ಆದ್ದರಿಂದ ಮಾಡಿದ ಕೆಲಸದ ಸಣ್ಣ ದಾಖಲೆಯನ್ನು ವಾರಕ್ಕೊಮ್ಮೆ ಬರೆದಿಡುವುದು ಜಂಬವಲ್ಲ, ಬಡ್ತಿಯ ಮಾತು ಬಂದಾಗ ಅದೇ ಆಧಾರ.

ಒಂಟಿತನ? ಕೆಲವರಿಗೆ ಖಂಡಿತ ಕಾಡುತ್ತದೆ, ಕೆಲವರಿಗೆ ಅದೇ ನೆಮ್ಮದಿ. ಇಂಥ ಬಹಳಷ್ಟು ಕಂಪನಿಗಳು ವರ್ಷದಲ್ಲಿ ಒಂದೆರಡು ಬಾರಿ ಎಲ್ಲರನ್ನೂ ಒಂದೆಡೆ ಸೇರಿಸುತ್ತವೆ, ಅದು ಉಪಯುಕ್ತ. ಆದರೆ ದಿನನಿತ್ಯದ ಒಡನಾಟವನ್ನು ಕಂಪನಿ ಒದಗಿಸೀತೆಂದು ಕಾಯುವುದು ವ್ಯರ್ಥ. ಅದನ್ನು ಕೆಲಸದ ಹೊರಗೆ ಹುಡುಕಿಕೊಳ್ಳಬೇಕು.

ಇನ್ನು ವೇಗದ ಬೆಳವಣಿಗೆಗೆ ಹಣ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡದೆ ಸೇರಬೇಡಿ. ಗ್ರಾಹಕರ ಆದಾಯದಿಂದ ಬೆಳೆಯುವುದು ಬೇರೆ, ಹೂಡಿಕೆದಾರರ ನಿರೀಕ್ಷೆಯಿಂದ ಬೆಳೆಯುವುದು ಬೇರೆ. 2020ರ ಮೇ ತಿಂಗಳಲ್ಲಿ ಕಚೇರಿ ಕೇಂದ್ರಿತ ಪದ್ಧತಿಯನ್ನು ಕೈಬಿಟ್ಟು ವೇಗವಾಗಿ ಬೆಳೆದ, ಆನ್‌ಲೈನ್ ಅಂಗಡಿಗಳಿಗೆ ತಂತ್ರಾಂಶ ಒದಗಿಸುವ ಶಾಪಿಫೈ, 2022ರ ಜುಲೈನಲ್ಲಿ ಆನ್‌ಲೈನ್ ವ್ಯಾಪಾರದ ಬೆಳವಣಿಗೆಯ ಬಗ್ಗೆ ತನ್ನ ಅಂದಾಜು ತಪ್ಪಿತೆಂದು ಒಪ್ಪಿಕೊಂಡು ಶೇ. 10ರಷ್ಟು ಜನರನ್ನು ತೆಗೆಯಿತು. ಗಿಟ್‌ಲ್ಯಾಬ್ 2023ರ ಫೆಬ್ರವರಿಯಲ್ಲಿ ಶೇ. 7ರಷ್ಟು. ಸಂಬಳದ ಜೊತೆಗೆ ಷೇರು ಆಯ್ಕೆಗಳನ್ನು (ಕಂಪನಿಯ ಷೇರುಗಳನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕುಗಳನ್ನು) ಕೊಡುತ್ತಿದ್ದರೆ ವೆಸ್ಟಿಂಗ್ ಷರತ್ತುಗಳನ್ನು, ಅಂದರೆ ಆ ಹಕ್ಕು ಯಾವಾಗ ನಿಮ್ಮದಾಗುತ್ತದೆ ಎಂಬ ನಿಯಮಗಳನ್ನು, ಸಾಲುಸಾಲಾಗಿ ಓದಿ: ನಾಲ್ಕು ವರ್ಷಗಳ ಅವಧಿ, ಮೊದಲ ವರ್ಷ ತುಂಬುವ ಮೊದಲು ಹೊರಬಿದ್ದರೆ ಏನೂ ಇಲ್ಲ ಎಂಬುದು ಸಾಮಾನ್ಯ ಕ್ರಮ, ಮತ್ತು ಕೆಲಸ ಬಿಟ್ಟ ಮೇಲೆ ಆ ಷೇರುಗಳನ್ನು ಕೊಳ್ಳಲು ಅನೇಕ ಕಡೆ ಸಿಗುವುದು 90 ದಿನಗಳಷ್ಟೇ.

ಕಾನೂನಿನ ದೃಷ್ಟಿಯಲ್ಲಿ ನೀವು ಯಾರ ಉದ್ಯೋಗಿ ಎಂಬುದು ಇಂಥ ಕಡೆ ಯಾವಾಗಲೂ ಸ್ಪಷ್ಟವಿರುವುದಿಲ್ಲ. ನೀವಿರುವ ದೇಶದಲ್ಲಿ ಕಂಪನಿ ನೋಂದಾಯಿತವಾಗಿಲ್ಲದಿದ್ದರೆ ಮಧ್ಯವರ್ತಿ ಸಂಸ್ಥೆಯೊಂದರ ಮೂಲಕ ನೇಮಿಸಿಕೊಳ್ಳಬಹುದು, ಇಲ್ಲವೇ ಸ್ವತಂತ್ರ ಗುತ್ತಿಗೆದಾರರೆಂದು ಪರಿಗಣಿಸಬಹುದು. ಎರಡನೆಯದಾದರೆ ತೆರಿಗೆ, ವಿಮೆ, ನಿವೃತ್ತಿ ನಿಧಿ, ಸಂಬಳಸಹಿತ ರಜೆ ಇವೆಲ್ಲದರ ಹೊಣೆ ಬಹುಮಟ್ಟಿಗೆ ನಿಮ್ಮ ಮೇಲೆಯೇ ಬೀಳುತ್ತದೆ, ಹಾಗಾಗಿ ಆಫರಿನ ಮೊತ್ತವನ್ನು ಈಗಿನ ಸಂಬಳದೊಡನೆ ನೇರವಾಗಿ ಹೋಲಿಸಲಾಗದು. ಉದ್ಯೋಗದಾತ ಎಂದು ಒಪ್ಪಂದದಲ್ಲಿ ಯಾರ ಹೆಸರಿದೆ, ಅದು ಯಾವ ದೇಶದ ಕಾನೂನಿಗೆ ಒಳಪಟ್ಟಿದೆ, ನೋಟಿಸ್ ಅವಧಿ ಎಷ್ಟು ಎಂಬ ಮೂರನ್ನೂ ಸಹಿ ಹಾಕುವ ಮುನ್ನ ಲಿಖಿತವಾಗಿ ಕೇಳಿ ಪಡೆದುಕೊಳ್ಳಿ.